ಪೆಕ್ಕಾ ಹಾವಿಸ್ತೊ: ಹಸಿರು ಚಳವಳಿಯಿಂದ ನೇಟೋ ಅರ್ಜಿಯ ಸಹಿವರೆಗೆ

ಹಳೇ ಮೇಷ್ಟ್ರು

ಯುರೋಪಿನ ಹಸಿರು ಪಕ್ಷ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಜರ್ಮನಿಗೆ ಹೋಗಿ ನಿಲ್ಲುತ್ತಾರೆ. ಫಿನ್ಲೆಂಡಿನ ಪೆಕ್ಕಾ ಹಾವಿಸ್ತೊ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಅವರ ರಾಜಕೀಯ ಜೀವನ ತುಂಬಾ ಮುಖ್ಯ ಅನಿಸುತ್ತದೆ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹುಟ್ಟಿದ್ದು 1958ರ ಮಾರ್ಚ್ 23, ಹೆಲ್ಸಿಂಕಿಯಲ್ಲಿ. 1987ರಲ್ಲಿ ಮೊದಲ ಬಾರಿ ಸಂಸತ್ತಿಗೆ ಬಂದರು. 1993ರಿಂದ 1995ರವರೆಗೆ ಪಕ್ಷದ ಅಧ್ಯಕ್ಷರು. 1995ರ ಚುನಾವಣೆಯಲ್ಲಿ ತಮ್ಮ ಸೀಟನ್ನೇ ಕಳೆದುಕೊಂಡರು. ಆದರೂ ಅದೇ ವರ್ಷ ಮಂತ್ರಿಯಾದರು! ಫಿನ್ಲೆಂಡಿನಲ್ಲಿ ಮಂತ್ರಿಯಾಗಲು ಸಂಸದರಾಗಿರಬೇಕು ಎಂಬ ನಿಯಮ ಇಲ್ಲ. ಪಾವೊ ಲಿಪ್ಪೋನೆನ್ ಅವರ ಐದು ಪಕ್ಷಗಳ ಸರ್ಕಾರದಲ್ಲಿ ಪರಿಸರ ಮತ್ತು ಅಭಿವೃದ್ಧಿ ಸಹಕಾರ ಖಾತೆ ಸಿಕ್ಕಿತು. ಆ ಸರ್ಕಾರದಲ್ಲಿ ಬಲಪಂಥದವರೂ ಇದ್ದರು, ಎಡಪಂಥದವರೂ ಇದ್ದರು. ಯುರೋಪಿನಲ್ಲಿ ದೇಶದ ಸರ್ಕಾರ ಸೇರಿದ ಮೊದಲ ಹಸಿರು ಪಕ್ಷದವರ ಸಾಲಿನಲ್ಲಿ ಇವರು ಬರುತ್ತಾರೆ. ಜರ್ಮನಿಯ ಹಸಿರು ಪಕ್ಷ ಕೇಂದ್ರ ಸರ್ಕಾರಕ್ಕೆ ಬಂದದ್ದು 1998ರಲ್ಲಿ, ಮೂರು ವರ್ಷ ತಡವಾಗಿ.

ಆಮೇಲೆ ವಿಶ್ವಸಂಸ್ಥೆಯ ಕೆಲಸ, ಸುಡಾನ್, ವಿದೇಶಾಂಗ ಮಂತ್ರಿ ಸ್ಥಾನ. ಮೂರು ಸಲ ದೇಶದ ಅಧ್ಯಕ್ಷ ಚುನಾವಣೆಗೆ ನಿಂತರು. ಮೂರು ಸಲವೂ ಸೋತರು. ಇಷ್ಟಾದರೂ ಆ ದೇಶದ ಇತ್ತೀಚಿನ ಅತಿ ದೊಡ್ಡ ತಿರುವಿನ ಕಾಗದ, ಅಂದರೆ ನೇಟೋ ಮಿಲಿಟರಿ ಕೂಟ ಸೇರುವ ಅರ್ಜಿಯ ಮೇಲೆ ಇರುವುದು ಅವರದೇ ಸಹಿ. ತಿಳಿದವರು ಸೇರಿಸಿ, ಒಪ್ಪದವರು ತಕರಾರು ಮಾಡಿ.

ಬಯಲುಸೀಮೆ

ಮೇಷ್ಟ್ರೇ, ತಕರಾರು ನನ್ನಿಂದಲೇ ಶುರುವಾಗಲಿ. ಈ ಮನುಷ್ಯ ಯುವಕನಾಗಿದ್ದಾಗ ಸೈನ್ಯಕ್ಕೆ ಹೋಗದೆ ನಾಗರಿಕ ಸೇವೆ ಮಾಡಿದವರು. ಫಿನ್ಲೆಂಡಿನಲ್ಲಿ ಗಂಡಸರಿಗೆ ಕಡ್ಡಾಯ ಸೈನಿಕ ಸೇವೆ ಇದೆ. ಮನಸ್ಸು ಒಪ್ಪದವರು ಅದರ ಬದಲು ಬೇರೆ ಸೇವೆ ಮಾಡಬಹುದು. ಇವರು ಅದನ್ನು ಆರಿಸಿಕೊಂಡರು. ಅಂಥವರೇ 2022ರ ಮೇ 17ರಂದು ನೇಟೋ ಅರ್ಜಿಗೆ ಸಹಿ ಹಾಕಿದರು. ಇದನ್ನು ತಿರುವು ಅಂತ ಸುಮ್ನೆ ಹೇಳಿ ದಾಟಿಬಿಡಬಹುದಾ? ಶಾಂತಿ ಚಳವಳಿಯಿಂದ ಬಂದ ಒಬ್ಬ ನಾಯಕ ಮಿಲಿಟರಿ ಕೂಟದ ಬಾಗಿಲು ತಟ್ಟಿದರೆ, ಅವರನ್ನು ನಂಬಿ ಮೂವತ್ತು ವರ್ಷ ವೋಟು ಹಾಕಿದವರಿಗೆ ಏನು ಉತ್ತರ?

ಎಸ್ಪೋ ಕನ್ನಡತಿ

ನಾನು ಇರುವುದು ಎಸ್ಪೋದಲ್ಲಿ, ಹೆಲ್ಸಿಂಕಿಯ ಪಕ್ಕದ ಊರು. ಬಯಲುಸೀಮೆಯವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಲ್ಲಿಂದ ನೋಡಿದರೆ ಅದು ಬೇರೆ ಥರ ಕಾಣುತ್ತದೆ.

ರಷ್ಯಾ ಜೊತೆ ಫಿನ್ಲೆಂಡಿನ ಗಡಿ 1,340 ಕಿಲೋಮೀಟರ್. 2022ರ ಫೆಬ್ರುವರಿ 24ರಂದು ಯುಕ್ರೇನಿನ ಮೇಲೆ ದಾಳಿ ಆದ ಮೇಲೆ ಇಲ್ಲಿಯ ಮಾತುಕತೆಯೇ ಬದಲಾಯಿತು. ಅದಕ್ಕೂ ಮೊದಲು ನೇಟೋ ಬೇಕು ಎನ್ನುವವರು ಕಡಿಮೆ ಇದ್ದರು. ಕೆಲವೇ ವಾರಗಳಲ್ಲಿ ಅವರೇ ಬಹುಮತವಾದರು. ಮೇ 17ರಂದು ಸಂಸತ್ತಿನಲ್ಲಿ ವೋಟಿಗೆ ಹಾಕಿದಾಗ ಪರವಾಗಿ 188, ವಿರುದ್ಧ ಬರೀ 8. ಇದು ಹಾವಿಸ್ತೊ ಒಬ್ಬರ ಮನಸ್ಸು ಬದಲಾದ ಕಥೆ ಅಲ್ಲ. ಇಡೀ ದೇಶ ಒಟ್ಟಿಗೆ ಆ ಕಡೆ ನಡೆಯಿತು. ಅವರು ಆಗ ವಿದೇಶಾಂಗ ಮಂತ್ರಿ. ಅವರೇ ಸಹಿ ಹಾಕಬೇಕಿತ್ತು.

ಇನ್ನೊಂದು ವಿಷಯ. 2023ರ ಏಪ್ರಿಲ್ 2ಕ್ಕೆ ಇಲ್ಲಿ ಸಂಸತ್ ಚುನಾವಣೆ ಆಯಿತು. ಹಸಿರು ಪಕ್ಷ 20 ಸೀಟಿನಿಂದ 13ಕ್ಕೆ ಕುಸಿಯಿತು. ಎರಡೇ ದಿನ ಬಿಟ್ಟು, ಏಪ್ರಿಲ್ 4ರಂದು, ಬ್ರಸೆಲ್ಸಿನಲ್ಲಿ ಸದಸ್ಯತ್ವದ ದಾಖಲೆಯನ್ನು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಆಂಟನಿ ಬ್ಲಿಂಕನ್ ಕೈಗೆ ಕೊಟ್ಟಿದ್ದು ಇದೇ ಹಾವಿಸ್ತೊ. ನೇಟೋ ಒಪ್ಪಂದದ ಪತ್ರಗಳನ್ನು ಇಟ್ಟುಕೊಳ್ಳುವ ಜವಾಬ್ದಾರಿ ಅಮೆರಿಕದ್ದು, ಅದಕ್ಕೇ ಅವರಿಗೆ ಕೊಡುವುದು. ಆ ಕ್ಷಣಕ್ಕೆ ಫಿನ್ಲೆಂಡ್ 31ನೇ ಸದಸ್ಯ ದೇಶ ಆಯಿತು. ಪಕ್ಷ ಸೋತು ಎರಡು ದಿನ, ಸರ್ಕಾರ ಹೊರಡುವ ಹೊತ್ತು. ಅದನ್ನು ಟೀವಿಯಲ್ಲಿ ನೋಡುವಾಗ ನನಗೆ ಅವರ ಮೇಲೆ ತುಂಬಾ ಗೌರವ ಬಂತು.

ಶಾಲ್ಮಲಾ

ನೇಟೋದಿಂದಲೇ ಶುರು ಮಾಡಿದರೆ ಅವರ ನಿಜವಾದ ಕೆಲಸ ತಪ್ಪಿ ಹೋಗುತ್ತದೆ. ನಾನು ಪರಿಸರ ವಿಜ್ಞಾನ ಓದಿದವಳು. ನನಗೆ ಹಾವಿಸ್ತೊ ಪರಿಚಯವಾದದ್ದು ರಾಜಕಾರಣಿಯಾಗಿ ಅಲ್ಲ, ಒಂದು ವರದಿಯ ಮೂಲಕ.

1999ರಲ್ಲಿ ಮಂತ್ರಿ ಸ್ಥಾನ ಬಿಟ್ಟ ಮೇಲೆ ಅವರು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮಕ್ಕೆ ಹೋದರು. ಕೊಸೊವೊ ಯುದ್ಧ ಆಗಷ್ಟೇ ಮುಗಿದಿತ್ತು. ನೇಟೋ ವಿಮಾನಗಳು ಸೆರ್ಬಿಯಾದ ಕಾರ್ಖಾನೆಗಳ ಮೇಲೆ ಬಾಂಬು ಹಾಕಿದ್ದವು. ಅಲ್ಲಿ ಮಣ್ಣಿಗೂ ನೀರಿಗೂ ಏನಾಗಿದೆ ಅಂತ ನೋಡುವ ತಂಡಕ್ಕೆ ಇವರೇ ಮುಖ್ಯಸ್ಥರು. ಒಂದು ಕಡೆಯವರು ‘ಇಡೀ ಬಾಲ್ಕನ್ ಪ್ರದೇಶವೇ ನಾಶವಾಗಿದೆ’ ಎನ್ನುತ್ತಿದ್ದರು. ಇನ್ನೊಂದು ಕಡೆಯವರು ‘ಏನೂ ಆಗಿಲ್ಲ’ ಎನ್ನುತ್ತಿದ್ದರು. ಇವರ ತಂಡ ಹೋಗಿ ಮಾದರಿ ತೆಗೆದು, ಪ್ರಯೋಗಾಲಯಕ್ಕೆ ಕಳಿಸಿ, ಎರಡೂ ಮಾತು ಸರಿಯಲ್ಲ ಅಂತ ಬರೆಯಿತು. ಇಡೀ ಪ್ರದೇಶಕ್ಕೆ ದುರಂತ ಆಗಿಲ್ಲ. ಆದರೆ ನಾಲ್ಕು ಜಾಗಗಳಲ್ಲಿ ಪರಿಸ್ಥಿತಿ ಗಂಭೀರವಾಗಿದೆ, ತಕ್ಷಣ ಸ್ವಚ್ಛ ಮಾಡಬೇಕು: ಪಾನ್ಚೆವೊ, ಕ್ರಾಗುಯೆವಾತ್ಸ್, ನೋವಿ ಸಾಡ್, ಬೋರ್.

ಪಾನ್ಚೆವೊ ಒಂದನ್ನೇ ತೆಗೆದುಕೊಳ್ಳಿ. ಡಾನ್ಯೂಬ್ ನದಿಯ ಹತ್ತಿರ ಅಲ್ಲೊಂದು ದೊಡ್ಡ ಪೆಟ್ರೋಕೆಮಿಕಲ್ ಘಟಕ. ಸುಮಾರು 2,100 ಟನ್ ಎಥಿಲೀನ್ ಡೈಕ್ಲೋರೈಡ್ ಸೋರಿತ್ತು. ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ವಿಷ ಅದು. ಜೊತೆಗೆ 8 ಟನ್ ಪಾದರಸ. ಥರ್ಮಾಮೀಟರ್ ಒಡೆದು ಚೂರು ಪಾದರಸ ನೆಲಕ್ಕೆ ಬಿದ್ದರೇ ನಾವು ಹೆದರುತ್ತೇವೆ ಅಲ್ವಾ? ಕ್ರಾಗುಯೆವಾತ್ಸ್‌ನ ಕಾರು ಕಾರ್ಖಾನೆಯ ನೆಲದಲ್ಲಿ, ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರುವ ಪಿಸಿಬಿ ಎಂಬ ವಿಷ ರಾಸಾಯನಿಕ ಹರಡಿತ್ತು.

ಆಮೇಲೆ ಯುರೇನಿಯಂ ಗುಂಡುಗಳ ವಿಷಯ. ಟ್ಯಾಂಕ್ ಕವಚ ಸೀಳಲು ಬಳಸುವ ಗುಂಡು. 2000ದ ನವೆಂಬರಿನಲ್ಲಿ ಕೊಸೊವೊದ 11 ಜಾಗಗಳಿಗೆ ಹೋಗಿ ಅಳೆದರು. ಅವು ಯಾವ ಯಾವ ಜಾಗ ಅಂತ ತಿಳಿಯಲು ಮೊದಲು ನೇಟೋದಿಂದಲೇ ನಕ್ಷೆ ತರಿಸಬೇಕಾಯಿತು. ಯುದ್ಧ ಮಾಡಿದವರ ಹತ್ತಿರವೇ ಹೋಗಿ ‘ಎಲ್ಲೆಲ್ಲಿ ಹೊಡೆದಿರಿ, ಹೇಳಿ’ ಅಂತ ಕೇಳುವ ಕೆಲಸ ಅದು. ಅದೇ ಕೂಟಕ್ಕೆ ಇವರು ಇಪ್ಪತ್ತೆರಡು ವರ್ಷದ ನಂತರ ಅರ್ಜಿ ಬರೆದರು. ಆ ಕೂಟದ ಬಾಂಬುಗಳು ಏನು ಮಾಡುತ್ತವೆ ಅಂತ ಮಣ್ಣು ಪರೀಕ್ಷಿಸಿ ತಿಳಿದವರು ಇವರು. ಹಾಗಾಗಿ ಕುರುಡಾಗಿ ಸಹಿ ಹಾಕಿದರು ಅಂತ ನಾನು ಒಪ್ಪುವುದಿಲ್ಲ.

ಹಳೇ ಮೇಷ್ಟ್ರು

ಶಾಲ್ಮಲಾ ಅವರೇ, ಈ ವಿವರಗಳೇ ನನಗೆ ಬೇಕಿದ್ದದ್ದು. ಅದೇ ಕೆಲಸ ಆಮೇಲೆ ಅಫ್ಘಾನಿಸ್ತಾನ, ಇರಾಕ್, ಪ್ಯಾಲೆಸ್ತೀನ್, ಲೈಬೀರಿಯಾ ಕಡೆಗೂ ಹೋಯಿತು. ಯುದ್ಧ ಮುಗಿದ ಕೂಡಲೇ ಪರಿಸರದ ಲೆಕ್ಕವನ್ನೂ ಹಾಕಬೇಕು ಎಂಬ ವಿಚಾರ ಆಗ ಹೊಸದು. ಹೆಣಗಳ ಲೆಕ್ಕ, ಮುರಿದ ಸೇತುವೆಗಳ ಲೆಕ್ಕ ಎಲ್ಲರೂ ಇಡುತ್ತಿದ್ದರು. ಬಾವಿಯ ನೀರಿನ ಲೆಕ್ಕ ಇಡುವವರು ಇರಲಿಲ್ಲ.

2005ರಲ್ಲಿ ಯುರೋಪಿಯನ್ ಒಕ್ಕೂಟ ಅವರನ್ನು ಸುಡಾನಿಗೆ ವಿಶೇಷ ಪ್ರತಿನಿಧಿಯಾಗಿ ನೇಮಿಸಿತು. ಆ ದೇಶದ ಡಾರ್ಫುರ್ ಪ್ರದೇಶದಲ್ಲಿ ಹಿಂಸೆ ಜೋರಾಗಿದ್ದ ಕಾಲ ಅದು. ನೈಜೀರಿಯಾದ ಅಬುಜಾದಲ್ಲಿ ನಡೆದ ಮಾತುಕತೆಯಲ್ಲಿ ಅವರಿಗೂ ಪಾತ್ರ ಇತ್ತು. 2006ರ ಮೇ ತಿಂಗಳಲ್ಲಿ ಒಪ್ಪಂದವೂ ಆಯಿತು. ಆದರೆ ದೊಡ್ಡ ಬಂಡುಕೋರ ಗುಂಪುಗಳಲ್ಲಿ ಸಹಿ ಹಾಕಿದ್ದು ಮಿನ್ನಿ ಮಿನ್ನಾವಿ ಬಣ ಮಾತ್ರ. ಉಳಿದವರು ಹೊರಗೇ ಉಳಿದರು. ಹಿಂಸೆ ನಿಲ್ಲಲಿಲ್ಲ. ಇದನ್ನು ಹಾವಿಸ್ತೊ ಗೆಲುವು ಅಂತ ಬರೆಯುವವರಿದ್ದರೆ ನಾನು ಒಪ್ಪುವುದಿಲ್ಲ. ಅರ್ಧ ಜನ ಹೊರಗುಳಿದ ಒಪ್ಪಂದ ಎಷ್ಟು ಬಾಳುತ್ತದೆ ಎಂಬುದಕ್ಕೆ ಅದೇ ಉದಾಹರಣೆ.

ಮುಂಗಾರು

ಎಲ್ಲರೂ ಹೊರದೇಶದ ಮಾತೇ ಆಡುತ್ತಿದ್ದೀರಿ. ಅವರು ಹಸಿರು ಪಕ್ಷದವರು. ಪಕ್ಷ ಹುಟ್ಟಿದ್ದು ಹೇಗೆ ಅಂತ ಯಾರಾದರೂ ಹೇಳಿ.

ಎಸ್ಪೋ ಕನ್ನಡತಿ

ಹೇಳುತ್ತೇನೆ. ಇಲ್ಲಿಯವರು ಕೊಯ್‌ಯಾರ್ವಿ ಕೆರೆಯಿಂದ ಶುರು ಮಾಡುತ್ತಾರೆ. ದಕ್ಷಿಣ ಫಿನ್ಲೆಂಡಿನ ಫೊರ್ಸ್ಸಾ ಪಟ್ಟಣದ ಹತ್ತಿರದ ಕೆರೆ, ಹಕ್ಕಿಗಳಿಗೆ ಹೆಸರುವಾಸಿ. ಅದರ ನೀರು ಹೊರಗೆ ಬಿಟ್ಟು ಹೊಲಗಳಿಗೆ ಅನುಕೂಲ ಮಾಡಿಕೊಡುವ ಕೆಲಸ ನಡೆದಿತ್ತು. 1979ರಲ್ಲಿ ಯುವಕ ಯುವತಿಯರು ಅಲ್ಲಿಗೆ ಹೋಗಿ ಅಗೆಯುವ ಯಂತ್ರಕ್ಕೆ ತಮ್ಮನ್ನು ಸರಪಳಿಯಿಂದ ಕಟ್ಟಿಕೊಂಡರು. ಕಾನೂನು ಮೀರಿದರೂ ಪರವಾಗಿಲ್ಲ, ಕೆರೆ ಉಳಿಯಬೇಕು ಅಂತ. ಇಲ್ಲಿಯವರಿಗೆ ಅದು ಹೊಸದು. ಫಿನ್ಲೆಂಡಿನ ಜನ ನಿಯಮ ಮೀರುವವರಲ್ಲ.

ಅದೇ ಗುಂಪುಗಳಿಂದ 1983ರಲ್ಲಿ ಇಬ್ಬರು ಸಂಸತ್ತಿಗೆ ಗೆದ್ದರು. ಒಬ್ಬರು ವಿಲ್ಲೆ ಕೊಮ್ಸಿ. ಇನ್ನೊಬ್ಬರು ಕಲ್ಲೆ ಕೊಂಕ್ಕೊಲಾ, ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ ಅಂಗವಿಕಲರ ಹಕ್ಕುಗಳ ಹೋರಾಟಗಾರ. 1986ರಲ್ಲಿ ಚೆರ್ನೋಬಿಲ್ ಸ್ಫೋಟದ ಮೋಡ ಫಿನ್ಲೆಂಡಿನ ಮೇಲೂ ಹಾದುಹೋಯಿತು. ಮರುವರ್ಷದ ಚುನಾವಣೆಯಲ್ಲಿ ಹಸಿರು ಸಂಸದರು ನಾಲ್ಕಾದರು. ಅವರಲ್ಲಿ ಒಬ್ಬರು 28 ವರ್ಷದ ಹಾವಿಸ್ತೊ. ಪಕ್ಷ ಅಂತ ನೋಂದಾಯಿಸಿದ್ದು 1988ರಲ್ಲಿ. ಅಂದರೆ ಸಂಸದರು ಮೊದಲು, ಪಕ್ಷ ಆಮೇಲೆ.

ಬಯಲುಸೀಮೆ

ಸರಿ, ಅಲ್ಲಿಗೇ ಬರೋಣ. ಅಣುಶಕ್ತಿ ವಿರೋಧದಿಂದ ಬೆಳೆದ ಪಕ್ಷ ಇದು. 2002ರ ಮೇ 24ರಂದು ಐದನೇ ರಿಯಾಕ್ಟರಿಗೆ ಸಂಸತ್ತು 107-92ರಲ್ಲಿ ಒಪ್ಪಿಗೆ ಕೊಟ್ಟಾಗ ಸರ್ಕಾರ ಬಿಟ್ಟು ಹೊರಬಂದರು. ಪರಿಸರ ಮಂತ್ರಿ ಸಾತು ಹಸ್ಸಿ ರಾಜೀನಾಮೆ ಕೊಟ್ಟರು. 2014ರಲ್ಲಿ ಮತ್ತೆ ಅದೇ. ರಷ್ಯಾದ ಸರ್ಕಾರಿ ಅಣು ಕಂಪನಿ ರೊಸಾಟಮ್ ಜೊತೆಗೂಡಿ ಹನ್ಹಿಕಿವಿಯಲ್ಲಿ ಅಣು ಸ್ಥಾವರ ಕಟ್ಟುವ ಫೆನ್ನೊವೊಯ್ಮಾ ಯೋಜನೆಗೆ ಸರ್ಕಾರ ಹಸಿರು ನಿಶಾನೆ ತೋರಿಸಿತು. ಆಗ ಹಸಿರು ಪಕ್ಷದ ಮಂತ್ರಿಗಳಾಗಿದ್ದ ವಿಲ್ಲೆ ನೀನಿಸ್ತೊ, ಹಾವಿಸ್ತೊ ಇಬ್ಬರೂ ಮಂತ್ರಿಗಿರಿ ಬಿಟ್ಟರು. ಇದನ್ನು ನಾನು ಮೆಚ್ಚುತ್ತೇನೆ. ಕುರ್ಚಿಗಿಂತ ಮಾತು ದೊಡ್ಡದು ಅಂತ ತೋರಿಸಿದರು.

ಆದರೆ 2022ರ ಮೇ ತಿಂಗಳಲ್ಲಿ ಯೊಯೆನ್ಸೂ ಊರಿನ ಸಮಾವೇಶದಲ್ಲಿ ಏನಾಯಿತು? ಅಣುಶಕ್ತಿಯೂ ಬೇಕು ಅಂತ ಪಕ್ಷ ನಿರ್ಣಯ ಮಾಡಿತು. ಅದೇ ತಿಂಗಳು ನೇಟೋ. ಒಂದೇ ತಿಂಗಳಲ್ಲಿ ಎರಡು ಕಂಬ ಉರುಳಿದವು. ಹಾಗಾದರೆ ಎರಡು ಸಲ ಸರ್ಕಾರ ಬಿಟ್ಟದ್ದು ಯಾಕೆ?

ಶಾಲ್ಮಲಾ

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 2014ರಲ್ಲಿ ಅವರ ಮುಖ್ಯ ಆಕ್ಷೇಪಗಳಲ್ಲಿ ಒಂದು ರಷ್ಯಾದ ಮೇಲೆ ಅವಲಂಬನೆ. ಅದೇ ವರ್ಷ ಮಾರ್ಚಿನಲ್ಲಿ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ದೇಶದ ಸರ್ಕಾರಿ ಕಂಪನಿಗೆ ರಿಯಾಕ್ಟರ್ ಕೆಲಸ ಕೊಡುವುದಾ ಅಂತ ಕೇಳಿದರು. ಉಳಿದ ಪಕ್ಷಗಳು ಆ ಮಾತಿಗೆ ಕಿವಿಗೊಡಲಿಲ್ಲ. ಡಿಸೆಂಬರಿನಲ್ಲಿ ಸಂಸತ್ತು 115-74ರಲ್ಲಿ ಒಪ್ಪಿತು. ಎಂಟು ವರ್ಷ ಆದಮೇಲೆ, 2022ರ ಮೇ ತಿಂಗಳಲ್ಲಿ, ಯುದ್ಧದ ಕಾರಣ ಫೆನ್ನೊವೊಯ್ಮಾ ತಾನೇ ಆ ಕರಾರು ರದ್ದು ಮಾಡಿತು. ಸರ್ಕಾರ ಬಿಟ್ಟು ಹೊರಬಂದವರ ಮಾತೇ ಕೊನೆಗೆ ನಿಂತಿತು.

ಇನ್ನು ಅಣುಶಕ್ತಿಯ ಬಗ್ಗೆ ಪಕ್ಷ ಬದಲಾದದ್ದು ಹವಾಮಾನದ ಕಾರಣಕ್ಕೆ. ಕಲ್ಲಿದ್ದಲು ಮೊದಲು ನಿಲ್ಲಬೇಕು ಎನ್ನುವ ಯುವ ಸದಸ್ಯರು ವರ್ಷಗಟ್ಟಲೆ ಒಳಗೇ ವಾದ ಮಾಡಿದರು. ನಾನು ವೈಯಕ್ತಿಕವಾಗಿ ಆ ನಿರ್ಣಯವನ್ನು ಪೂರ್ತಿ ಒಪ್ಪುವುದಿಲ್ಲ. 2002ರಲ್ಲಿ ಒಪ್ಪಿಗೆ ಸಿಕ್ಕಿದ ಓಲ್ಕಿಲುವೊತೊದ ಆ ರಿಯಾಕ್ಟರ್ 2009ಕ್ಕೆ ಮುಗಿಯಬೇಕಿತ್ತು. ನಿಯಮಿತವಾಗಿ ವಿದ್ಯುತ್ ಕೊಡಲು ಶುರು ಮಾಡಿದ್ದು 2023ರ ಏಪ್ರಿಲಿನಲ್ಲಿ. ಹವಾಮಾನಕ್ಕೆ ಅಷ್ಟು ಕಾಯುವ ಸಮಯ ಇದೆಯಾ? ಆದರೂ ಅದು ಬಹಿರಂಗವಾಗಿ ಚರ್ಚಿಸಿ ಮಾಡಿದ ನಿರ್ಣಯ, ಕದ್ದು ಮಾಡಿದ್ದಲ್ಲ.

ಮುಂಗಾರು

ಮಂತ್ರಿಯಾಗಿ 1995ರಿಂದ 99ರವರೆಗೆ ಏನು ಮಾಡಿದರು? ಅದನ್ನು ಯಾರೂ ಬರೆದಿಲ್ಲ.

ಹಳೇ ಮೇಷ್ಟ್ರು

ದೊಡ್ಡ ಜಗಳ ಆದದ್ದು ನ್ಯಾಚುರಾ 2000 ಎಂಬ ಪರಿಸರ ರಕ್ಷಣೆಯ ಪಟ್ಟಿಯ ಬಗ್ಗೆ. ಯುರೋಪಿಯನ್ ಒಕ್ಕೂಟಕ್ಕೆ ಫಿನ್ಲೆಂಡ್ ಸೇರಿದ್ದೇ 1995ರಲ್ಲಿ. ಸೇರಿದ ಮೇಲೆ ಮುಖ್ಯ ಕಾಡು, ಜೌಗು, ಹಕ್ಕಿ ತಾಣಗಳ ಪಟ್ಟಿ ಮಾಡಿ ರಕ್ಷಿಸಬೇಕಿತ್ತು. ಅಲ್ಲಿ ಕಾಡಿನ ಹೆಚ್ಚು ಭಾಗ ಸಾಮಾನ್ಯ ಕುಟುಂಬಗಳದ್ದು. ಅಪ್ಪ ನೆಟ್ಟ ಮರವನ್ನು ಮಗ ಕಡಿದು ಮಾರುವ ಲೆಕ್ಕ. ತಮ್ಮ ಜಾಗ ಪಟ್ಟಿಯಲ್ಲಿದೆ ಅಂತ ಕೇಳಿ ಜನ ಸಿಟ್ಟಾದರು. ಸಾವಿರಾರು ಆಕ್ಷೇಪಣೆ ಬಂದವು. ಸಭೆಗಳಲ್ಲಿ ಮಂತ್ರಿಗೆ ಬೈದರು. 1998ರಲ್ಲಿ ಸರ್ಕಾರ ಪಟ್ಟಿಯನ್ನು ಒಪ್ಪಿತು. ಜನರಿಗೆ ಮೊದಲೇ ಸರಿಯಾಗಿ ತಿಳಿಸಿದ್ದರೆ ಇಷ್ಟು ಕಹಿ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಡು ಉಳಿಯಿತು, ಆದರೆ ಹಳ್ಳಿಗಳಲ್ಲಿ ಹಸಿರು ಪಕ್ಷದ ಮೇಲಿನ ಸಿಟ್ಟೂ ಉಳಿಯಿತು. ಇವತ್ತಿಗೂ ಅವರ ವೋಟು ಪಟ್ಟಣಗಳಲ್ಲೇ ಜಾಸ್ತಿ.

ಬಯಲುಸೀಮೆ

ಅಲ್-ಹೋಲ್ ವಿಷಯ ಬಿಡಬಾರದು. ಎಲ್ಲರೂ ಹೊಗಳುತ್ತಿರುವಾಗ ಇದನ್ನೂ ಹೇಳಲೇಬೇಕು.

ಸಿರಿಯಾದ ಈಶಾನ್ಯದಲ್ಲಿ ಅಲ್-ಹೋಲ್ ಎಂಬ ಶಿಬಿರ. ಐಎಸ್ ಉಗ್ರ ಸಂಘಟನೆ ಸೋತ ಮೇಲೆ ಅದರ ಹೋರಾಟಗಾರರ ಹೆಂಡತಿ ಮಕ್ಕಳನ್ನು ಅಲ್ಲಿ ಇಟ್ಟಿದ್ದರು. ಫಿನ್ಲೆಂಡಿನ ಸುಮಾರು 30 ಮಕ್ಕಳೂ ಅಲ್ಲಿದ್ದರು, ತಾಯಂದಿರ ಜೊತೆ. ವಿದೇಶಾಂಗ ಮಂತ್ರಿಯಾಗಿ ಹಾವಿಸ್ತೊ ಅವರನ್ನು ಕರೆತರುವ ಪ್ರಯತ್ನ ಮಾಡಿದರು. ಅದಕ್ಕೆ ಒಪ್ಪದ ಹಿರಿಯ ಅಧಿಕಾರಿಯೊಬ್ಬರನ್ನು ಆ ಸ್ಥಾನದಿಂದ ಬೇರೆ ಕಡೆ ವರ್ಗ ಮಾಡಲು ಹೊರಟರು. ಸಂಸತ್ತಿನ ಸಂವಿಧಾನ ಸಮಿತಿ ವಿಚಾರಣೆ ಮಾಡಿ 2020ರ ಡಿಸೆಂಬರಿನಲ್ಲಿ ಹೇಳಿದ್ದು: ವರ್ಗಾವಣೆಯ ವಿಷಯದಲ್ಲಿ ಮಂತ್ರಿ ಕಾನೂನಿಗೆ ವಿರುದ್ಧವಾಗಿ ನಡೆದುಕೊಂಡಿದ್ದಾರೆ, ಆದರೆ ಮೊಕದ್ದಮೆ ಹೂಡುವ ಮಟ್ಟದ್ದಲ್ಲ. ಸಂಸತ್ತೂ ಅದನ್ನೇ ಒಪ್ಪಿತು. ಮಂತ್ರಿಗಿರಿ ಉಳಿಯಿತು. ನೀವು ಹೊಗಳುವ ಸಂಧಾನದ ಗುಣ ತಮ್ಮದೇ ಕಚೇರಿಯಲ್ಲಿ ಎಲ್ಲಿ ಹೋಗಿತ್ತು?

ಎಸ್ಪೋ ಕನ್ನಡತಿ

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪುತ್ತೇನೆ. ಅಧಿಕಾರಿಯ ಕಾನೂನು ಅಭಿಪ್ರಾಯ ಮಂತ್ರಿಗೆ ಇಷ್ಟವಾಗದಿದ್ದರೆ ಅಧಿಕಾರಿಯನ್ನು ಸರಿಸುವುದು ಸರಿಯಲ್ಲ. ಆದರೆ ಮಕ್ಕಳನ್ನು ಕರೆತರಬೇಕು ಎಂಬ ನಿಲುವು ಸರಿಯಾಗಿತ್ತು. 2019ರ ಡಿಸೆಂಬರಿನಲ್ಲಿ ಮೊದಲು ಬಂದದ್ದು ಇಬ್ಬರು ಅನಾಥ ಮಕ್ಕಳು. ಆ ಮಕ್ಕಳು ಏನು ತಪ್ಪು ಮಾಡಿದ್ದರು? ಆಗ ಇಲ್ಲಿ ಹೊಸ ಪ್ರಧಾನಿ ಸನ್ನಾ ಮರಿನ್ ಸರ್ಕಾರ ಶುರುವಾಗಿ ಕೆಲವೇ ದಿನ ಆಗಿತ್ತು. ವಿರೋಧ ಪಕ್ಷಗಳು ಬೆಂಕಿ ಕಾರುತ್ತಿದ್ದವು. ಚುನಾವಣೆಯ ಲಾಭ ನೋಡುವವರು ಆ ಶಿಬಿರದ ಹೆಸರನ್ನೇ ಎತ್ತುತ್ತಿರಲಿಲ್ಲ.

ಮುಂಗಾರು

ಅಕ್ಕ, ಅಧ್ಯಕ್ಷ ಚುನಾವಣೆಗಳ ಬಗ್ಗೆ ನೀವು ಹತ್ತಿರದಿಂದ ನೋಡಿದ್ದನ್ನು ಹೇಳಿ. ಮೂರು ಸಲ ಸೋತರೂ ಜನ ಅವರನ್ನು ಯಾಕೆ ಬಿಡಲಿಲ್ಲ?

ಎಸ್ಪೋ ಕನ್ನಡತಿ

2012ರಲ್ಲಿ ನಾನು ಇಲ್ಲಿ ಇರಲಿಲ್ಲ. ಕೇಳಿ ತಿಳಿದದ್ದು ಇಷ್ಟು. ಮೊದಲ ಸುತ್ತಿನಲ್ಲಿ ಹಾವಿಸ್ತೊಗೆ 18.8 ಶೇಕಡ. ಕೇಂದ್ರ ಪಕ್ಷದ ಪಾವೊ ವಾಯ್‌ರುನೆನ್‌ಗೆ 17.5. ಅಷ್ಟೇ ಅಂತರದಲ್ಲಿ ಎರಡನೇ ಸುತ್ತಿಗೆ ಬಂದರು. ಅಲ್ಲಿ ಸೌಲಿ ನೀನಿಸ್ತೊ ಎದುರು 37.4 ಸಿಕ್ಕಿತು, ಸೋತರು. ಆದರೆ ತಾನು ಸಲಿಂಗಿ ಎಂದು ಮುಚ್ಚಿಡದೆ ಬದುಕಿದ ಒಬ್ಬರು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ಅವರ ಸಂಗಾತಿ ಆಂಟೋನಿಯೊ ಫ್ಲೋರೆಸ್, ಈಕ್ವೆಡಾರ್ ಮೂಲದವರು. ನೋಂದಾಯಿತ ಜೊತೆಗಾರಿಕೆಯ ಕಾನೂನು ಬಂದ 2002ರಲ್ಲೇ ನೋಂದಾಯಿಸಿಕೊಂಡರು. ಸಲಿಂಗಿಗಳ ಮದುವೆಗೆ ಸಂಸತ್ತು ಒಪ್ಪಿದ್ದು 2014ರ ನವೆಂಬರಿನಲ್ಲಿ. ಆ ಕಾನೂನು ಜಾರಿಯಾದದ್ದು 2017ರ ಮಾರ್ಚಿನಲ್ಲಿ.

2018ರಲ್ಲಿ ಸ್ಪರ್ಧೆಯೇ ಇರಲಿಲ್ಲ. ನೀನಿಸ್ತೊ ಮೊದಲ ಸುತ್ತಿನಲ್ಲೇ ಗೆದ್ದರು. ಹಾವಿಸ್ತೊ 12.4 ಶೇಕಡದೊಂದಿಗೆ ಎರಡನೆಯವರು.

2024 ನಾನು ಕಣ್ಣಾರೆ ಕಂಡದ್ದು. ಜನವರಿಯ ಚಳಿ. ಮೆಟ್ರೋ ನಿಲ್ದಾಣದ ಹೊರಗೆ ಪಕ್ಷಗಳ ಸಣ್ಣ ಗುಡಾರಗಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಾರೆ, ನಿಂತು ಮಾತಾಡುತ್ತಾರೆ. ಲೌಡ್‌ಸ್ಪೀಕರಿನ ಗದ್ದಲ ಇಲ್ಲ. ಮುಂಗಡ ಮತದಾನ ಗ್ರಂಥಾಲಯದಲ್ಲೂ ನಡೆಯುತ್ತದೆ, ಸೂಪರ್‌ಮಾರ್ಕೆಟ್ಟಿನಲ್ಲೂ ನಡೆಯುತ್ತದೆ. ತರಕಾರಿ ಚೀಲ ಹಿಡಿದೇ ಜನ ಸಾಲಿನಲ್ಲಿ ನಿಲ್ಲುತ್ತಾರೆ. ಮಡಚಿದ ಕಾಗದದೊಳಗೆ ಅಭ್ಯರ್ಥಿಯ ಸಂಖ್ಯೆಯನ್ನು ಕೈಯಲ್ಲಿ ಬರೆಯಬೇಕು. ಹೊರಗೆ ತಂದರೆ ಮುದ್ರೆ ಒತ್ತುತ್ತಾರೆ. ನನಗೆ ಪೌರತ್ವ ಇಲ್ಲ, ಆ ವೋಟು ಇರಲಿಲ್ಲ. ನಮ್ಮಂಥವರಿಗೆ ಮುನಿಸಿಪಲ್, ಪ್ರಾದೇಶಿಕ ಚುನಾವಣೆಗಳಲ್ಲಿ ಮಾತ್ರ ವೋಟು. ಗೆಳತಿಯ ಜೊತೆ ಹೋಗಿ ನೋಡಿದೆ.

ಎರಡನೇ ಸುತ್ತಿನಲ್ಲಿ ಅಲೆಕ್ಸಾಂಡರ್ ಸ್ಟುಬ್‌ಗೆ 51.6, ಹಾವಿಸ್ತೊಗೆ 48.4. ಹೆಲ್ಸಿಂಕಿಯಲ್ಲಿ ಹಾವಿಸ್ತೊ ಮುಂದಿದ್ದರು, ಹಳ್ಳಿ ಕಡೆ ಸ್ಟುಬ್. ಚರ್ಚೆಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೇ ಮಾತಾಡಿದರು. ವಿದೇಶಾಂಗ ನೀತಿಯಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಸಂಗಾತಿ ಯಾರು ಎಂಬುದು ಕೆಲವರ ಮನಸ್ಸಿನಲ್ಲಿ ಇತ್ತು, ಅದು ಗುಟ್ಟೇನಲ್ಲ. ಗೆಳತಿಯ ಅಮ್ಮ ಅದನ್ನು ನನ್ನೆದುರೇ ಹೇಳಿದರು. ಕೇಳಿ ಬೇಜಾರಾಯಿತು.

ಬಯಲುಸೀಮೆ

ಆ ಕಾರಣಕ್ಕೆ ವೋಟು ತಪ್ಪಿದ್ದರೆ ಅದು ಅನ್ಯಾಯ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನನ್ನ ಮೊದಲ ಪ್ರಶ್ನೆ ಇನ್ನೂ ಹಾಗೇ ಇದೆ. ಅವರು ಗೆದ್ದಿದ್ದರೆ ಸೇನೆಯ ಮಹಾದಂಡನಾಯಕರಾಗುತ್ತಿದ್ದರು. ನಾಗರಿಕ ಸೇವೆ ಮಾಡಿದವರು ಆ ಹುದ್ದೆಗೆ ನಿಲ್ಲುವಾಗ, ‘ಯುವಕನಾಗಿದ್ದಾಗ ಹೀಗೆ ಯೋಚಿಸಿದೆ, ಈಗ ಯಾಕೆ ಬದಲಾದೆ’ ಅಂತ ಜನರ ಮುಂದೆ ಬಿಡಿಸಿ ಹೇಳಬೇಕು.

ಶಾಲ್ಮಲಾ

ಆ ಪ್ರಶ್ನೆ ಕೇಳುವುದು ಸರಿಯೇ. ನನ್ನ ದೃಷ್ಟಿಯಲ್ಲಿ ಉತ್ತರ ಅವರ ಕೆಲಸದಲ್ಲೇ ಇದೆ. ಯುದ್ಧ ನಡೆದ ಇಷ್ಟು ಜಾಗಗಳ ಮಣ್ಣನ್ನು ಪರೀಕ್ಷಿಸಿದ ರಾಜಕಾರಣಿ ಯುರೋಪಿನಲ್ಲಿ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅಂಥವರಿಗೆ ಯುದ್ಧವನ್ನು ದ್ವೇಷಿಸುವುದೂ, ಅದು ತಮ್ಮ ಮನೆ ಬಾಗಿಲಿಗೆ ಬಾರದಂತೆ ತಡೆಯಲು ಕೂಟ ಸೇರುವುದೂ ಒಂದೇ ಕಾಳಜಿಯಿಂದ ಬರಬಹುದು. ನೀವು ಒಪ್ಪಲೇಬೇಕು ಅಂತಿಲ್ಲ.

ಬಯಲುಸೀಮೆ

ಪೂರ್ತಿ ಒಪ್ಪಲಿಲ್ಲ. ಆದರೆ ಪಾನ್ಚೆವೊ ವರದಿಯನ್ನು ಈ ವಾರ ಕೂತು ಓದುತ್ತೇನೆ. ಅದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಜಾಲತಾಣದಲ್ಲಿ ಸಿಗುತ್ತದಾ?

ಶಾಲ್ಮಲಾ

ಹೌದು. 1999ರ ಬಾಲ್ಕನ್ ವರದಿ ಅಂತ ಹುಡುಕಿ. ಯುರೇನಿಯಂ ಗುಂಡುಗಳದ್ದು ಬೇರೆ ವರದಿ, 2001ರದ್ದು. ಮೊದಲನೆಯದನ್ನು ಮೊದಲು ಓದಿ, ಅದರಲ್ಲಿ ನಾಲ್ಕು ಜಾಗಗಳ ವಿವರ ಬಿಡಿಬಿಡಿಯಾಗಿ ಇದೆ. ಓದಿದ ಮೇಲೆ ಇಲ್ಲೇ ಬರೆಯಿರಿ.